ಪಗಡಿ ಹಾಸು, ಸಿಂದಿ ಗಡಿಗಿ

ನಮ್ಮ ನಡುಮನಿಯೊಳಗ ಒಂದು ಹಳೇ ಟ್ರಂಕು ಅದ. ಅದರಾಗ ನಮ್ಮ ಆಯಿ ಹೊಲಿದ ಪಗಡಿ ಹಾಸು ಇಟ್ಟೀವಿ. ಹಳೇ ಖಣದ ಕುಪ್ಪಸ, ಮುತ್ಯಾನ ಹರಕು ಧೋತರ ಎರಡೂ ಕೂಡಿಸಿ ಹೊಲಿದದ್ದು. ನಾಲ್ಕು ಪಟ್ಟಿ, ಒಂದೊಂದು ಪಟ್ಟಿಗೆ ಮೂರು ಸಾಲು, ಸಾಲಿಗೆ ಎಂಟು ಮನಿ. ಒಂದು ಪಟ್ಟಿಗೆ 24, ನಾಲ್ಕಕ್ಕೆ 96 ಮನಿ. ನಡುವಿನದು ಕಾಯಿ ಹಣ್ಣಾಗುವ ಜಾಗ. ಹಿತ್ತಾಳಿಯ ಎರಡು ಉದ್ದನ್ನ ದಾಳ ಅವ. ಕಾಯಿ 16 ಇರಬೇಕು, 15 ಅವ. ಹದಿನಾರನೆಯದು ಹ್ಯಾಂಗ ಹೋಯಿತು ಅನ್ನೂದು ಮುಂದೆ ಬರ್ತದ.

ನಾನು ಏಳನೇ ಇಯತ್ತೆ ಕಲಿತವ. ಒಕ್ಕಲುತನ ಮಾಡ್ತೀನಿ, ಗೀಗೀ ಪದ ಹಾಡ್ತೀನಿ. ನಮ್ಮ ವಾಚನಾಲಯದ ಹುಡುಗರು, “ಕಾಕಾ, ಈ ಸಲದ ಪುಸ್ತಕಕ್ಕ ನೀವು ಮೇಳದ ಇತಿಹಾಸ ಬರೀರಿ” ಅಂದರು. ಬರೆಯಾಕ ಕುಂತೆ, ಕೈ ಬ್ಯಾರೆ ಕಡೆ ಹೋಯಿತು. ಹೋದ ದೀಪಾವಳಿಗೆ ನಮ್ಮ ಮನಿಯೊಳಗ ಒಂದು ಜಗಳ ಆಯಿತು. ಆಟದ ಮ್ಯಾಲೆ, ಕುಡಿತದ ಮ್ಯಾಲೆ. ಮೂರು ತಲೆಮಾರಿನವರು ಮೂರು ಮಾತಾಡಿದೆವು. ಆವತ್ತಿನಿಂದ ಇದರ ಹಿಂದಿನದೆಲ್ಲಾ ನೆನಪಾಗಾಕ ಹತ್ತೇದ. ಮೇಳದ ಇತಿಹಾಸ ಮತ್ತೊಮ್ಮೆ ಬರೆದರಾಯಿತು.

ನಮ್ಮದು ಅಕ್ಕಲಕೋಟ ತಾಲೂಕಿನ ಹಳ್ಳಿ. ಬೋರಿ ಹೊಳಿಯ ನೀರು, ಎರಿ ಹೊಲ, ಬಿಳಿಜ್ವಾಳ. ಮನಿಯೊಳಗ ಕನ್ನಡ, ಕಚೇರಿಯೊಳಗ ಮರಾಠಿ. ಮೊದಲು ಅಕ್ಕಲಕೋಟ ಭೋಸಲೆ ರಾಜರ ಸಂಸ್ಥಾನ ಇತ್ತು. 1948 ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು. ಮೂಡಣ ದಿಕ್ಕಿಗೆ ಆಳಂದ, ಅದು ನಿಜಾಮನ ರಾಜ್ಯದಾಗ ಇತ್ತು. ಅದಕ್ಕ ನಮ್ಮ ಹಿರಿಯರು ‘ಮೊಗಲಾಯಿ’ ಅಂತಿದ್ದರು. ಈ ಗಡಿ ನೆನಪಿನಾಗ ಇಟ್ಟುಕೊಳ್ಳರಿ, ಕುಡಿಯುವವರಿಗೆ ಅದು ಭಾಳ ಕೆಲಸ ಕೊಟ್ಟದ.

ಮುತ್ಯಾನ ಕಾಲದಾಗ ಹಣಮಪ್ಪನ ಗುಡಿ ಮುಂದಿನ ಕಟ್ಟಿ ಮ್ಯಾಲೆ ಶ್ರಾವಣ ಪೂರ್ತಿ ಪಗಡಿ ನಡೀತಿತ್ತು. ಮಳೆ ಹಿಡಿದಾಗ ಹೊಲಕ್ಕ ಹೋಗಾಕ ಆಗೂದಿಲ್ಲ, ಎತ್ತು ಕೊಟ್ಟಿಗಿಯೊಳಗ, ಮಂದಿ ಕಟ್ಟಿ ಮ್ಯಾಲೆ. ನಾಲ್ಕು ಮಂದಿ ಆಡುವವರು, ಎದುರಾಬದುರು ಕುಂತವರು ಒಂದು ಪಾರ್ಟಿ. ನಲವತ್ತು ಮಂದಿ ನೋಡುವವರು. ಒಂದು ಆಟ ಮುಂಜಾನಿ ಹೂಡಿದರ ಹೊತ್ತು ಮುಳುಗಿ ಕಂದೀಲು ಹಚ್ಚಿದರೂ ಮುಗೀತಿರಲಿಲ್ಲ. ಒಂಟಿ ಕಾಯಿ ಸಿಕ್ಕರ ಹೊಡೀಬೇಕು, ಜೋಡಿ ಕಾಯಿ ಕುಂತರ ಒಂಟಿ ಕಾಯಿಯಿಂದ ಅದನ್ನ ಹೊಡಿಯಾಕ ಬರೂದಿಲ್ಲ. ನೋಡುವವರು ಸುಮ್ಮನಿರಬೇಕು ಅಂತ ಕಾನೂನು, ಆದರ ಯಾರೂ ಸುಮ್ಮನಿರತಿರಲಿಲ್ಲ. ಹಿತ್ತಾಳಿ ದಾಳ ಎರಡು ಅಂಗೈಯೊಳಗ ಉರುಳಿಸಿ ಬಿಡುವಾಗ ಕಿಣಿಕಿಣಿ ಸಪ್ಪಳ ಬರ್ತದಲ್ಲ, ಅದು ಕಟ್ಟಿಯಿಂದ ನಮ್ಮ ಮನಿ ತನಕ ಕೇಳತಿತ್ತು. ಬಾರಾ ಬಿದ್ದರ ಕೂಗು ಊರಿಗೇ ಕೇಳತಿತ್ತು.

ಆ ಕಟ್ಟಿಗೆ ಮೂರು ಕಟ್ಟಳೆ. ಕೆರವು ಕೆಳಗ ಬಿಡಬೇಕು. ರೊಕ್ಕ ಇಡಬಾರದು, ಸೋತವರು ಕೊಬ್ಬರಿ ಬೆಲ್ಲ ಹಂಚಬೇಕು. ಕುಡಿದವ ದಾಳ ಮುಟ್ಟಬಾರದು. ದೀಪಾವಳಿ ಪಾಡ್ಯದ ದಿನ ಒಂದು, ರೊಕ್ಕದ ಕಟ್ಟಳೆ ಸಡಿಲ ಆಗತಿತ್ತು. ಕುಡಿತದ್ದು ಆವತ್ತೂ ಸಡಿಲ ಇಲ್ಲ. “ಧರ್ಮರಾಯ ಎಚ್ಚರ ಇದ್ದೇ ರಾಜ್ಯ ಸೋತ, ಕುಡಿದು ಆಡಿದ್ದರ ಏನಾಗತಿತ್ತೋ” ಅಂತ ಮುತ್ಯಾ ನಗತಿದ್ದ. ಗದುಗಿನ ನಾರಾಣಪ್ಪನ ಭಾರತ ನಮ್ಮ ಗುಡಿಯೊಳಗ ಓದತಿದ್ದರು. ಜೂಜಿನ ಪ್ರಸಂಗ ಬಂದ ರಾತ್ರಿ ಪಗಡಿ ಆಡುವ ಹಿರಿಯರೆಲ್ಲಾ ಮುಂದಿನ ಸಾಲಿಗೇ ಕುಂತಿರತಿದ್ದರಂತ.

ಇಷ್ಟು ಕೇಳಿದರ ಹಳೇ ಮಂದಿ ಎಷ್ಟು ಛಲೋ ಇದ್ದರು ಅನಿಸ್ತದ. ನನಗೂ ಭಾಳ ದಿನ ಹಂಗೇ ಅನಿಸಿತ್ತು. ಆದರ ಆ ಕಟ್ಟಿಗೆ ಬಾಯಿಲೆ ಹೇಳದ ಇನ್ನೂ ಎರಡು ಕಟ್ಟಳೆ ಇದ್ದವು. ಹೆಣ್ಣುಮಕ್ಕಳು ಕಟ್ಟಿ ಏರಂಗಿಲ್ಲ. ಹೊಲಗೇರಿ ಮಂದಿ ನಿಂತು ನೋಡಬೇಕು, ಹಾಸು ಮುಟ್ಟಂಗಿಲ್ಲ. ಹಾಸು ಹೊಲಿದಾಕಿ ನಮ್ಮ ಆಯಿ, ಆಕಿಗೇ ಆ ಹಾಸಿನ ಮ್ಯಾಲೆ ಒಂದು ಆಟ ಆಡುವ ಯೋಗ ಬರಲಿಲ್ಲ. ಹೆಣ್ಣುಮಕ್ಕಳದು ಪಡಸಾಲಿಯೊಳಗ ಚಕ್ಕಾ. ಸುಣ್ಣದ ಬಳ್ಳೀಲೆ 25 ಮನಿ ಬರೆಯೂದು, ನಾಲ್ಕು ಕವಡಿ ಎಸೆಯೂದು, ನಾಲ್ಕೂ ಅಂಗಾತ ಬಿದ್ದರ ನಾಲ್ಕು, ನಾಲ್ಕೂ ಬೋರಲ ಬಿದ್ದರ ಎಂಟು. ಕವಡಿ ಸಿಗದಿದ್ದರ ಹುಣಸಿ ಬೀಜ ಒಂದು ಕಡೆ ತೇಯ್ದು ಆಡತಿದ್ದರು. ನಾಗರ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡಿ ದಣಿದು ಚಕ್ಕಾ ಆಡತಿದ್ದರು. ಅಲ್ಲಿ ಜಗಳ, ನಗು, ಅತ್ತಿಯ ದೂರು, ಎಲ್ಲಾ ಇರತಿತ್ತು.

ಇನ್ನ ಸಿಂದಿ. ಹಳ್ಳದ ದಂಡಿಗೆ ಈಚಲ ಗಿಡ ಭಾಳ ಇದ್ದವು. ಮುತ್ಯಾನ ಅಪ್ಪನ ಕಾಲದವರು ಸಿಂದಿಗೆ ಶೆರೆ ಅಂತ ಅನ್ನತಿರಲಿಲ್ಲ. ಮುಂಜಾನಿ ಇಳಿಸಿದ್ದು ಸಿಹಿ, ಮಧ್ಯಾಹ್ನಕ್ಕ ಹುಳಿ, ಸಂಜಿಗೆ ಅಮಲು. ಬ್ಯಾಸಿಗಿಯೊಳಗ ಕೂಲಿ ಮಂದಿಗೆ ಅದೇ ಅರ್ಧ ಊಟ. ನಮ್ಮ ಶರಣರೊಳಗ ಹೆಂಡದ ಮಾರಯ್ಯ ಅಂತ ಒಬ್ಬ ಇದ್ದ. 12 ನೇ ಶತಮಾನದಾಗ ಹೆಂಡ ಮಾರುವ ಕಾಯಕದವನೂ ಶರಣರ ಸಾಲಿನಾಗ ಕುಂತ. ಮಾರುವವನನ್ನ ಕಟ್ಟಿ ಮ್ಯಾಲೆ ಕುಂಡಿಸಿದ ಕಲ್ಯಾಣ ಎಲ್ಲಿ, ಕುಡಿದವನನ್ನ ಕೆಳಗ ನಿಲ್ಲಿಸಿದ ನಮ್ಮ ಕಟ್ಟಿ ಎಲ್ಲಿ.

ಸಿಂದಿ ಅಂಗಡಿಯೊಳಗೂ ಆಟ ಇತ್ತು. ಅಲ್ಲಿ ಪಗಡಿ ಅಲ್ಲ, ಹುಲಿ-ಕುರಿ. ಹಾಸುಗಲ್ಲಿನ ಮ್ಯಾಲೆ ಗೀಟು ಕೊರೆದದ್ದು, ಕುರಿಗೆ ಸಣ್ಣ ಹಳ್ಳು, ಹುಲಿಗೆ ದೊಡ್ಡ ಹಳ್ಳು. ಇದು ದಾಳ ಇಲ್ಲದ ಆಟ, ಬರೇ ತಲಿ. ಹಂಪಿಗೆ ಹೋದಾಗ ಗುಡಿಯ ಹಾಸುಗಲ್ಲಿನ ಮ್ಯಾಲೆ ಇಂಥಾ ಗೀಟು ನಾನು ಕಂಡೀನಿ. ದೇವರ ಗುಡಿಗೆ ನಡೆದ ಆಟ ಸಿಂದಿ ಅಂಗಡಿಗೂ ನಡೀತು. ಅಲ್ಲಿ ಹೊಲಗೇರಿಯವನೂ ಒಕ್ಕಲಿಗನೂ ಎದುರಾಬದುರು ಕುಂತು ಆಡತಿದ್ದರು ಅಂತ ಅಪ್ಪ ಹೇಳತಿದ್ದ. ಕುಡಿಯುವ ಮಗಿ ಅಲ್ಲಿಯೂ ಬ್ಯಾರೆ ಬ್ಯಾರೆ ಇದ್ದವು, ಆದರ ಹಳ್ಳು ಒಂದೇ. ಅಪ್ಪ ಇದನ್ನ ಹೇಳುವಾಗ ಆ ಅಂಗಡಿ ಕೆಟ್ಟದ್ದು ಅಂತ ಹೇಳಾಕ ಹೇಳತಿದ್ದ. ನನಗ ಈಗ ಬ್ಯಾರೇನೇ ಕೇಳಸ್ತದ.

ಸಿಂದಿ ಸರಕಾರದ ಸೊತ್ತು ಆದದ್ದು ಇಂಗ್ರಜರ ಕಾಲಕ್ಕ. ಮುಂಬೈ ಪ್ರಾಂತದಾಗ 1878 ರ ಅಬಕಾರಿ ಕಾಯ್ದೆ ಬಂತು. ಗಿಡ ಕೆತ್ತಬೇಕಾದರ ಪರವಾನಿಗಿ, ಗಿಡಕ್ಕ ತೆರಿಗಿ, ಅಂಗಡಿಗೆ ಗುತ್ತಿಗಿ. ಗುತ್ತಿಗಿ ಹಿಡಿದವ ಸುಮ್ಮನೆ ಕೂಡೂದಿಲ್ಲ, ಮಾರಬೇಕು. ಸೊಲ್ಲಾಪುರದಾಗ 1877 ರಲ್ಲಿ ಮೊದಲನೆಯ ದೊಡ್ಡ ಗಿರಣಿ ಶುರು ಆತು. ನಮ್ಮ ಹಳ್ಳಿಯ ಎಷ್ಟೋ ಮಂದಿ ಮುಂದೆ ಅಲ್ಲಿಗೇ ಹೋದರು. ಪಗಾರದ ದಿನ ಗಿರಣಿಯ ಗೇಟಿನಿಂದ ಮನಿ ತನಕ ಎಷ್ಟು ಅಂಗಡಿ ದಾಟಬೇಕಿತ್ತು ಅನ್ನೂದು ಹೆಣ್ಣುಮಕ್ಕಳ ಬೀಸುವ ಕಲ್ಲಿನ ಹಾಡಿನೊಳಗ ಬಂದದ.

ಹಿಂಗಾಗಿ ಸ್ವಾತಂತ್ರ್ಯದ ಗದ್ದಲ ಬಂದಾಗ ಸಿಂದಿ ಗಿಡ ಅಂದರ ಸರಕಾರ ಅಂತಾಗಿತ್ತು. 1930 ರ ಮೇ ತಿಂಗಳು ಗಾಂಧೀಜಿಯವರನ್ನ ಹಿಡಿದರು. ಮೇ 8 ಕ್ಕೆ ಸೊಲ್ಲಾಪುರದಾಗ ಮಂದಿ ರೂಪಾಭವಾನಿ ಕಡೆಯ ಸಿಂದಿ ಗಿಡ ಕಡಿಯಾಕ ಹೋದರು. ಪೋಲೀಸರು ಹಿಡಿದರು, ಮಂದಿ ಬಿಡಿಸಾಕ ನಿಂತರು, ಗೋಳೀಬಾರು ಆತು. ಆಮ್ಯಾಲೆ ಮೂರು ನಾಲ್ಕು ದಿನ ಸೊಲ್ಲಾಪುರದೊಳಗ ಇಂಗ್ರಜರ ಆಳಿಕಿನೇ ಇರಲಿಲ್ಲ. 12 ನೇ ತಾರೀಖಿಗೆ ಮಾರ್ಶಲ್ ಲಾ ಹೇರಿದರು, ಜೂನ್ ಕಡೀತನಕ ಇತ್ತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಈ ನಾಲ್ವರನ್ನ 1931 ರ ಜನವರಿ 12 ಕ್ಕೆ ಯೆರವಡಾ ಜೇಲಿನೊಳಗ ಗಲ್ಲಿಗೆ ಹಾಕಿದರು.

ನಮ್ಮ ಮುತ್ಯಾ ಆ ದಿನ ಜ್ವಾಳದ ಚೀಲ ಹೇರಿಕೊಂಡು ಸೊಲ್ಲಾಪುರದ ಅಡತಿಗೆ ಹೋಗಿದ್ದನಂತ. ಕಡಿದು ಬಿದ್ದ ಗಿಡ ಕಂಡೆ, ಮಲ್ಲಪ್ಪನವರನ್ನೂ ಕಂಡೆ ಅಂತ ಹೇಳತಿದ್ದ. ಕಂಡನೋ, ಕೇಳಿದ್ದನ್ನೇ ಕಂಡೆ ಅಂದನೋ, ಶಿವನಿಗೆ ಗೊತ್ತು. ಆದರ ಒಂದು ಖರೇ. ಅದಕ್ಕಿಂತ ಮೊದಲು ಮುತ್ಯಾ ಬ್ಯಾಸಿಗಿಯೊಳಗ ಸಿಂದಿ ಕುಡೀತಿದ್ದ. ಬಂಡಿ ತಿರುಗಿಸಿಕೊಂಡು ಊರಿಗೆ ಬಂದವ ಮತ್ತ ಮುಟ್ಟಲಿಲ್ಲ. ಪಗಡಿ ಕಟ್ಟಿಯ ಮೂರನೇ ಕಟ್ಟಳೆ ಗಟ್ಟಿ ಆದದ್ದೂ ಆಮ್ಯಾಲೇನೇ ಅಂತ ಅಪ್ಪ ಹೇಳತಿದ್ದ. ಅದಕ್ಕಿಂತ ಹಿಂದೆ ಸಂಜೀಕ ಬಾಯಿ ವಾಸನಿ ಬಂದರ ಯಾರೂ ಮೂಸಿ ನೋಡತಿರಲಿಲ್ಲಂತ. ನಮಗ ಹುಟ್ಟಾ ಹಿರಿಯರ ಸಂಪ್ರದಾಯ ಅಂತ ಕಂಡದ್ದು ಒಂದು ತಲೆಮಾರಿನ ಹಿಂದಿನದು ಅಷ್ಟೇ. ಗೀಗೀ ಮೇಳದವರೂ ಆಗ ಕುಡಿತ ಬಿಡಿಸುವ ಪದ ಕಟ್ಟಿ ಹಾಡಿದರು. ಭೀಮಾ ನದಿ ಆಚೆ ಹಲಸಂಗಿಯೊಳಗ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು ಹಳ್ಳಿ ಹಾಡು ಕೂಡಿಸಿ ಬರೆದಿಟ್ಟ ಕಾಲ ಅದೇ. 1931 ರಲ್ಲಿ ‘ಗರತಿಯ ಹಾಡು’ ಅಚ್ಚಾತು. ಲಾವಣಿಯ ಹಲಸಂಗಿ ಖಾಜಾಭಾಯಿಯ ಹೆಸರು ಹೇಳದೆ ನಮ್ಮ ಗುರು ಡಪ್ಪು ಮುಟ್ಟತಿರಲಿಲ್ಲ.

ಸ್ವಾತಂತ್ರ್ಯ ಬಂತು, 1949 ರಾಗ ಮುಂಬೈ ದಾರೂಬಂದಿ ಕಾಯ್ದೆ ಬಂತು. ಅಂಗಡಿ ಮುಚ್ಚಿದವು. ಕುಡಿಯುವವರು ಮುಚ್ಚಲಿಲ್ಲ. ಮೊಗಲಾಯಿ ಕಡೆ ಅಂಗಡಿ ತೆಗೆದೇ ಇದ್ದವು. ನಿಜಾಮನ ರಾಜ್ಯ 1948 ರಾಗ ಹೋಯಿತು, 1956 ರಾಗ ಆಳಂದ ಮೈಸೂರು ರಾಜ್ಯಕ್ಕ ಹೋಯಿತು, ಮೊಗಲಾಯಿ ಅನ್ನುವ ಹೆಸರು ಮಾತ್ರ ಕುಡಿಯುವವರ ಬಾಯಿಯೊಳಗ ಉಳೀತು. “ಎಲ್ಲಿಗೆ ಹೊಂಟಿ?” ಅಂದರ “ಬೀಗರ ಊರಿಗೆ” ಅಂತಿದ್ದರು. ಬೀಗರು ಯಾರು ಅಂತ ಎಲ್ಲಾರಿಗೂ ತಿಳೀತಿತ್ತು. ಅತ್ತ ಹೋಗಾಕ ಆಗದವರು ಹೊಲದ ಬದುವಿನಾಗ ಹಾತಭಟ್ಟಿ ಹಚ್ಚಿದರು. ಕೊಳೆತ ಬೆಲ್ಲ, ಜಾಲಿ ತೊಗಟಿ, ಮಣ್ಣಿನ ಗಡಿಗಿ. ಮೊದಲು ಅಂಗಡಿ ಮುಂದೆ ನಾಲ್ಕು ಮಂದಿಯ ಕಣ್ಣಾಗ ಕುಡಿಯುವವ ಈಗ ಕತ್ತಲಾಗ ಕುಡಿದ. ಹುಲಿ-ಕುರಿ ಹೋಯಿತು. ಕತ್ತಲಾಗ ಹಳ್ಳು ಕಾಣೂದಿಲ್ಲಲ್ಲ.

ನಮ್ಮಪ್ಪ ಇದೆಲ್ಲಾದರ ನಡುವ ಒಂದು ತೊಟ್ಟು ಮುಟ್ಟದವ. ಆತನ ತಮ್ಮ, ನಮ್ಮ ಸಣ್ಣ ಕಾಕಾ, ಹಂಗಲ್ಲ. ಊರಿಗೇ ಜಾಣ ಪಗಡಿ ಆಟಗಾರ ಅಂದರ ಕಾಕಾ. ದಾಳ ಬಿಡೂದಕ್ಕಿಂತ ಮೊದಲೇ ಎದುರಿನವನ ಮೂರು ನಡಿ ಹೇಳತಿದ್ದ. ನನಗ ಆಟ ಕಲಿಸಿದವನೂ ಆತನೇ, ನನ್ನನ್ನ ತೊಡಿ ಮ್ಯಾಲೆ ಕುಂಡಿಸಿಕೊಂಡು. ಆತನ ಕೈಯೊಳಗ ಆಗಾಗ ಒಂದು ವಾಸನಿ ಇರತಿತ್ತು. ಅದು ಕಾಕಾನ ವಾಸನಿ ಅಂತ ತಿಳಕೊಂಡಿದ್ದೆ.

1972 ರ ಬರ. ನಮ್ಮ ಸೊಲ್ಲಾಪುರ ಜಿಲ್ಲಾದವರಿಗೆ ಆ ವರ್ಷ ಯಾರೂ ಹೇಳಿಕೊಡಬೇಕಿಲ್ಲ. ಜ್ವಾಳ ಬರಲಿಲ್ಲ, ದನ ಮಾರಿದೆವು. ಸರಕಾರ ರಸ್ತೆ ಕೆಲಸ, ಕೆರೆ ಕೆಲಸ ತೆಗೀತು. ಕಲ್ಲು ಒಡೆದು ಖಡಿ ಮಾಡೂದು, ವಾರಕ್ಕೊಮ್ಮೆ ಪಗಾರ. ನಾನು ಏಳನೇ ಇಯತ್ತೆ ಮುಗಿಸಿದವ ಮುಂದೆ ಸಾಲಿಗೆ ಹೋಗಲಿಲ್ಲ, ಸುತ್ತಿಗಿ ಹಿಡಿದೆ. ಒಕ್ಕಲುತನದಾಗ ರೊಕ್ಕ ವರ್ಷಕ್ಕೊಮ್ಮೆ ಬರ್ತದ, ಬಂದ ದಿನ ಸಾಲಗಾರ ಬಾಗಿಲಾಗ ಇರ್ತಾನ. ಖಡಿ ಕೆಲಸದ ರೊಕ್ಕ ವಾರ ವಾರ ಕೈಗೇ ಬಂತು. 1973 ಕ್ಕ ಮಹಾರಾಷ್ಟ್ರ ಸರಕಾರ ದೇಶಿ ದಾರೂದ ನಿಯಮ ಮಾಡಿ ಅಂಗಡಿಗೆ ಲೈಸನ್ಸ್ ಕೊಟ್ಟಿತು. ಕೈಯಾಗ ವಾರದ ರೊಕ್ಕ, ಎದುರಿಗೆ ಬಾಟಲಿ. ಇದರ ಜೋಡಿ ಇಸ್ಪೀಟ ಬಂತು. ಪಗಡಿ ಒಂದು ಆಟಕ್ಕ ಒಂದು ದಿನ ಬೇಕು, ತೀನಪತ್ತಿಗೆ ಎರಡು ನಿಮಿಷ ಸಾಕು. ರೊಕ್ಕ ಕಳಕೊಳ್ಳುವ ಅವಸರ ಇದ್ದವನಿಗೆ ಪಗಡಿ ಆಗಿಬರೂದಿಲ್ಲ.

ಮುಂಬೈ ಪ್ರಾಂತದ 1887 ರ ಜುಗಾರ ಕಾಯ್ದೆಯೊಳಗ ಬರೇ ಚಾತುರ್ಯದ ಆಟಕ್ಕ ವಿನಾಯತಿ ಅದ ಅಂತ ನಮ್ಮ ಊರ ಮಾಸ್ತರರೊಬ್ಬರು ಹೇಳತಿದ್ದರು. ಹುಲಿ-ಕುರಿ ಬರೇ ಚಾತುರ್ಯ, ಇಸ್ಪೀಟ ನಶೀಬ, ಪಗಡಿ ಎರಡೂ ಅದ, ಅದಕ್ಕ ಒಕ್ಕಲುತನದ ಹಂಗ ಅದ ಅಂತಿದ್ದರು ಅವರು. ದಾಳ ಮಳಿ ಇದ್ದಂಗ, ಬಿದ್ದದ್ದು ಬಿತ್ತು. ಕಾಯಿ ಯಾವುದು ನಡಸಬೇಕು ಅನ್ನೂದು ನಿನ್ನ ಕೈಯಾಗ.

ಕಾಕಾ ಇಸ್ಪೀಟಿಗೆ ಕುಂತ. ಮೊದಲು ಪಗಾರ ಹೋಯಿತು, ಆಮ್ಯಾಲೆ ಕಾಕುನ ಬೆಳ್ಳಿ ಡಾಬು ಹೋಯಿತು. ಒಂದು ರಾತ್ರಿ ಟ್ರಂಕಿನಿಂದ ಪಗಡಿ ಗಂಟು ತಗೊಂಡು ಹೋಗಿದ್ದ. ಹಿತ್ತಾಳಿ ದಾಳ ಒತ್ತಿ ಇಡಾಕ. ಅಪ್ಪ ಹಿಂದೆ ಓಡಿ ಹೋಗಿ ಅಂಗಡಿ ಮುಂದೆ ಕಸಗೊಂಡು ಬಂದ. ಜಗ್ಗಾಟದಾಗ ಗಂಟು ಬಿಚ್ಚಿ ಕಾಯಿ ಚೆಲ್ಲಿದವು. ಮುಂಜಾನಿ ನಾನು, ಅವ್ವ ಹೋಗಿ ಮಣ್ಣಾಗ ಹುಡುಕಿದೆವು. 15 ಸಿಕ್ಕವು. ಒಂದು ಹಸರು ಕಾಯಿ ಸಿಗಲಿಲ್ಲ. ಕಾಕಾ ಅದಾದ ಮ್ಯಾಲೆ ನಾಲ್ಕು ವರ್ಷ ಬದುಕಿದ್ದ. ಶ್ರಾವಣಕ್ಕ ಕಟ್ಟಿ ತನಕ ಬರತಿದ್ದ, ಕೆಳಗ ನಿಂತು ನೋಡತಿದ್ದ. ಯಾರಾದರೂ ತಪ್ಪು ನಡಿ ನಡೆದರ ಆತನ ತುಟಿ ಅಲುಗಾಡತಿದ್ದವು, ಮಾತು ಬರತಿರಲಿಲ್ಲ. ಏರು ಅಂತ ಯಾರೂ ಅನ್ನಲಿಲ್ಲ. ಅಪ್ಪನೂ ಅನ್ನಲಿಲ್ಲ.

ಇದನ್ನ ಕಣ್ಣಾರೆ ಕಂಡ ನಾನು ಕುಡಿಯಬಾರದಿತ್ತು. ಕುಡಿದೆ. ಮೇಳದಾಗ ಸೇರಿದ ಮ್ಯಾಲೆ ಶುರು ಆತು. ರಾತ್ರಿ ಹತ್ತಕ್ಕ ಹೂಡಿದ ಹರದೇಶಿ-ನಾಗೇಶಿ ವಾದ ಬೆಳಗಿನ ತನಕ ಹಾಡಬೇಕು. ಜಾತ್ರೆಗೆ ಕರೆಸಿದ ಪಂಚರು ಚಹಾದ ಜೋಡಿ ಬಾಟಲಿಯನ್ನೂ ಕಳಸತಿದ್ದರು, “ದನಿ ಬಿಚ್ಚತದ ತಗೋರಿ” ಅಂತ. ನಾವು ಅದಕ್ಕ ಮಾನ ಅಂತ ತಿಳಕೊಂಡೆವು. ದನಿ ಬಿಚ್ಚಿತು ಖರೇ, ನೆನಪು ಕಟ್ಟಿತು. 1995 ರಲ್ಲಿ ಒಂದು ಊರಿನ ಜಾತ್ರೆಯೊಳಗ ನಾಗೇಶಿ ಹಾಡುವ ಹೆಣ್ಣುಮಗಳು ಒಂದು ಪ್ರಶ್ನೆ ಹಾಕಿದಳು. ಉತ್ತರ ನನಗ ಗೊತ್ತಿದ್ದದ್ದೇ, ನನ್ನ ಗುರು ಬಾಯಿಪಾಠ ಮಾಡಿಸಿದ್ದು. ಡಪ್ಪು ಬಾರಿಸಿದೆ, ಬಾರಿಸಿದೆ, ಪದ ಬರಲಿಲ್ಲ. ಹಿಂದಿನ ತುಂತುಣಿಯವ ಮೂರು ಸಲ ಸೊಲ್ಲು ಎತ್ತಿಕೊಟ್ಟ. ಮಂದಿ ಸೀಟಿ ಹೊಡೆದರು. ಆ ಹೆಣ್ಣುಮಗಳು ದೊಡ್ಡಾಕಿ, ತಾನೇ ಪ್ರಶ್ನೆ ಬದಲಿಸಿ ಹಾಡಿ ನನ್ನ ಮಾನ ಮುಚ್ಚಿದಳು. ನಾಗೇಶಿಯವರ ಕೈಯಿಂದ ಹರದೇಶಿಯವ ಮಾನ ಪಡಕೊಳ್ಳೂದು ನಮ್ಮೊಳಗ ಸಣ್ಣ ಮಾತಲ್ಲ.

ಅದೇ ಶ್ರಾವಣದಾಗ ಕಟ್ಟಿಗೆ ಹೋದೆ. ಆವತ್ತು ಮಧ್ಯಾಹ್ನ ಎರಡು ಗ್ಲಾಸು ಆಗಿತ್ತು. ನನ್ನ ಸರದಿ ಬಂತು, ಕೈ ಚಾಚಿದೆ. ಎದುರಿಗೆ ಕುಂತಾತ ಅಪ್ಪ, 70 ವರ್ಷದ ಮುದುಕ. ದಾಳ ತನ್ನ ತೊಡಿ ಕೆಳಗ ಇಟ್ಟುಕೊಂಡು ಉಳಿದವರ ಕಡೆ ನೋಡಿ ಅಂದ:

“ಇವನ ಕೈಯಾಗ ಕೊಡಬ್ಯಾಡ್ರಿ. ಇವತ್ತು ಕಾಕಾನ ವಾಸನಿ ಬರಾಕ ಹತ್ತೇದ.”

ನಾನು ಕೆಳಗ ಇಳಿದೆ. ನನ್ನ ಮಗ ಆಗ 15 ವರ್ಷದವ, ಅಲ್ಲೇ ನಿಂತಿದ್ದ. ಎಷ್ಟೋ ರಾತ್ರಿ ನನ್ನನ್ನ ಬಜಾರದಿಂದ ಹೆಗಲಿಗೆ ಹಾಕಿಕೊಂಡು ತಂದವ ಆತ. ಆವತ್ತೇ ಬಿಟ್ಟೆ ಅಂತ ಬರೆದರ ಓದಾಕ ಛಂದ ಇರ್ತದ, ಆದರ ಎರಡು ವರ್ಷ ಹಿಡೀತು. ಬಿಟ್ಟೆ, ಹಿಡಿದೆ, ಬಿಟ್ಟೆ. ಕಡೀಕ ಬಿಟ್ಟು ಈಗ 28 ವರ್ಷ ಆತು. ಅಪ್ಪ 2003 ರಲ್ಲಿ ಹೋದ. ಅದಕ್ಕ ಮೊದಲು ಐದಾರು ಶ್ರಾವಣ ನನ್ನ ಜೋಡಿ ಆಡಿದ.

ಅಪ್ಪ ಹೋದ ಮ್ಯಾಲೆ ಕಟ್ಟಿಯೂ ಹೋಯಿತು ಅನ್ನಬೇಕು. ಟಿವ್ಹಿ ಬಂತು, ದ್ರಾಕ್ಷಿ-ಕಬ್ಬು ಬಂತು, ಶ್ರಾವಣದಾಗೂ ಕೆಲಸ. ಗುಡಿಗೆ ಫರಶಿ ಹಾಕಿಸಿದರು, ಕಟ್ಟಿಗೆ ಸ್ಟೀಲಿನ ಕಠಡಾ ಹಾಕಿಸಿದರು, ಕೂಡಾಕ ಜಾಗ ಇಲ್ಲ. ಗಡಿಯ ಆಟ ಮಾತ್ರ ನಡದೇ ಇತ್ತು. ಕರ್ನಾಟಕದೊಳಗ 2007 ರ ಜುಲೈ 1 ಕ್ಕೆ ಸಾರಾಯಿ ಬಂದ್ ಮಾಡಿದರು. ಮೊದಲು ನಾವು ಬೀಗರ ಊರಿಗೆ ಹೋಗತಿದ್ದೆವು, ಈಗ ಬೀಗರು ನಮ್ಮ ಊರಿಗೆ ಬರಾಕ ಹತ್ತಿದರು. ನಮ್ಮ ಕಡೆ ಹೆಣ್ಣುಮಕ್ಕಳ ಮತದಾನದ ನಿಯಮ ಅದ. ಊರ ಹೆಣ್ಣುಮತದಾರರೊಳಗ ಅರ್ಧಕ್ಕಿಂತ ಹೆಚ್ಚು ಮಂದಿ ‘ಆಡವಿ ಬಾಟಲಿ’ಗೆ, ಅಂದರ ಅಡ್ಡ ಬಿದ್ದ ಬಾಟಲಿಯ ಚಿತ್ರಕ್ಕ ಒತ್ತಿದರ ಅಂಗಡಿ ಮುಚ್ಚಬೇಕು. ಪಗಡಿ ಕಟ್ಟಿ ಏರಾಕ ಬಿಡದ ಹೆಣ್ಣುಮಕ್ಕಳ ಕೈಗೆ ಸರಕಾರ ಒಂದು ದಾಳ ಕೊಟ್ಟದ.

ಈಗ ದೀಪಾವಳಿಯ ಮಾತು. ಮೊಮ್ಮಗ 23 ವರ್ಷದವ, ಪುಣೆಯೊಳಗ ಕಂಪ್ಯೂಟರಿನ ಕೆಲಸ. ಮೂರು ಮಂದಿ ಗೆಳೆಯರನ್ನ ಕರಕೊಂಡು ಬಂದಿದ್ದ. ಅದರಾಗ ಒಬ್ಬಾಕಿ ನಗರ ಕಡೆಯ ಹುಡುಗಿ. ರಾತ್ರಿ ಊಟ ಆದ ಮ್ಯಾಲೆ ಮಾಳಿಗಿ ಮ್ಯಾಲೆ ಒಂದು ಪೆಟ್ಟಿಗಿ ತೆಗೆದರು. ಆರು ಮೂಲಿಯ ತುಂಡು ಜೋಡಿಸಿ ಒಂದು ನಡುಗಡ್ಡಿ ಮಾಡಿದರು. ಅದರ ಮ್ಯಾಲೆ ಕುರಿ, ಗೋಧಿ, ಇಟ್ಟಂಗಿ, ಕಟಗಿ, ಕಲ್ಲು. ಕುರಿ ಕೊಟ್ಟು ಗೋಧಿ ತಗೊಳ್ಳೂದು, ಇಟ್ಟಂಗಿ ಕಟಗಿ ಕೂಡಿಸಿ ರಸ್ತೆ ಹಾಕೂದು. ಕತಾನ್ ಅಂತ ಹೆಸರು, ಜರ್ಮನಿಯ ಕ್ಲಾಸ್ ಟ್ಯೂಬರ್ ಅನ್ನುವವ 1995 ರಲ್ಲಿ ತಂದ ಆಟ ಅಂತ. ಆ ವರ್ಷ ನಾನು ಕಟ್ಟಿ ಇಳಿದದ್ದು. ನೋಡಾಕ ನನಗ ನಮ್ಮ ವಾರದ ಸಂತಿ ಕಂಡಂಗ ಆತು, ಅಲ್ಲೇ ಕುಂತೆ. ಛಂದ ಆಡತಿದ್ದರು. ಒಬ್ಬರ ಮ್ಯಾಲೆ ಒಬ್ಬರು ಕೂಗೂದಿಲ್ಲ, ನಿಯಮದ ಪುಸ್ತಕ ತೆರೆದು ನೋಡತಾರ. ಆ ಹುಡುಗಿಯೇ ಎಲ್ಲಾರಿಗಿಂತ ಜಾಣೆ.

ಆದರ ಒಬ್ಬೊಬ್ಬರ ಬಗಲಾಗ ಒಂದೊಂದು ಬೀರಿನ ಬಾಟಲಿ. ಹುಡುಗಿಯ ಬಗಲಾಗೂ.

ನನ್ನ ಮಗ ಮೇಲೆ ಬಂದ. ಆತ ಕುಡಿಯೂದಿಲ್ಲ, ಇಸ್ಪೀಟ ಮುಟ್ಟೂದಿಲ್ಲ, ಪಗಡಿ ಕಲಿಯಾಕೂ ಒಲ್ಲೆ ಅಂದವ. ಬಾಟಲಿ ಕಂಡದ್ದೇ ತಡ, ಆ ನಡುಗಡ್ಡಿಯನ್ನೇ ಒದ್ದ. ಕುರಿ ಗೋಧಿ ಎಲ್ಲಾ ಮಾಳಿಗಿ ತುಂಬ ಆದವು.

“ಆಟ ಅಂದರ ಕುಡಿಯೂದಕ್ಕ ನೆಪ. ನಾ ಸಣ್ಣವ ಇದ್ದಾಗಿಂದ ಇದನ್ನೇ ಕಂಡೀನಿ” ಅಂದ.

ಮೊಮ್ಮಗ ತಣ್ಣಗ ಅಂದ, “ಪಪ್ಪಾ, ನಾವು ಆಡಾಕ ಕುಂತೀವಿ. ಮೂರು ತಾಸಿಗೆ ಒಂದು ಬಾಟಲಿ. ಮುಗದಿಂದ ಮಲಗತೀವಿ. ಬೀರಿಗೆ 21 ವರ್ಷ ಆದರ ಸಾಕು, ಕಾಯ್ದೆನೇ ಅದ.”

“ಪರವಾನಿಗಿ ಎಲ್ಲದ ನಿಂದು?” ಅಂತ ಮಗ ಕೇಳಿದ. ಖರೇ ಅದ, ನಮ್ಮ ಮಹಾರಾಷ್ಟ್ರದಾಗ ಪರವಾನಿಗಿ ಇಲ್ಲದೆ ಕುಡಿಯೂದು 1949 ರ ಆ ಕಾಯ್ದೆ ಪ್ರಕಾರ ಇವತ್ತಿಗೂ ಗುನ್ನೆ. ಮೊಮ್ಮಗ ನಕ್ಕ. ಮಗ ನಗಲಿಲ್ಲ. ಆಮ್ಯಾಲೆ ನನ್ನ ಕಡೆ ತಿರುಗಿದ. “ಅಪ್ಪಾ, ನೀ ಯಾಕ ಸುಮ್ಮ ಕುಂತೀ? ನಿನ್ನನ್ನ ಹೆಗಲಿಗೆ ಹಾಕಿಕೊಂಡು ತಂದವ ನಾನು. ಇವನನ್ನ ಹೊರುವವರು ಯಾರು?” ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗರು ಅಮಲಾಗಿರಲಿಲ್ಲ, ಅದನ್ನ ನಾ ಕಣ್ಣಿಂದ ಕಂಡಿದ್ದೆ. ಹಾಳಾಗುವ ಆಟದ ಗುರ್ತು ನನಗ ಅದ, ಇದು ಅದಲ್ಲ. ಆದರ ಕಾಕಾ ಶುರು ಮಾಡಿದಾಗಲೂ ಹಿಂಗೇ ತಣ್ಣಗ ಇದ್ದ, ನಾನೂ ಇದ್ದೆ. ಮಗನ ಸಿಟ್ಟು ಮೊಮ್ಮಗನ ಮ್ಯಾಲೆ ಅಲ್ಲ, 30 ವರ್ಷದ ಹಿಂದಿನ ನನ್ನ ಮ್ಯಾಲೆ ಅಂತ ತಿಳೀತು. ಹುಡುಗರು ಸುಮ್ಮನೆ ಕೆಳಗ ಬಗ್ಗಿ ತುಂಡು ಆರಿಸಾಕ ಹತ್ತಿದರು. ನಾನೂ ಬಗ್ಗಿ ಆರಿಸಿದೆ. ಒಮ್ಮೆ ಅಂಗಡಿ ಮುಂದೆ ಮಣ್ಣಾಗ ಆರಿಸಿದ್ದು ನೆನಪಾಗಿ ಕೈ ನಡುಗಿತು. ಇವರದು ಎಲ್ಲಾ ಸಿಕ್ಕವು.

ಮರುದಿನ ಪಾಡ್ಯ. ಟ್ರಂಕು ತೆಗೆದು ಹಾಸು ಹರವಿದೆ. ಹುಡುಗರಿಗೆ ಅಚ್ಚರಿ. ಅವರು ಮೊಬಾಯಿಲಿನಾಗ ಆಡುವ ಲೂಡೋದ ಅಪ್ಪ ಇದೇ ಅಂತ ಹೇಳಿದೆ. ಇಂಗ್ರಜರು ನಮ್ಮ ಪಗಡಿ-ಪಚ್ಚೀಸಿ ಒಯ್ದು, ಕವಡಿ ತೆಗೆದು ಚೌಕ ದಾಳ ಇಟ್ಟು, 1896 ರಲ್ಲಿ ಲೂಡೋ ಅಂತ ಪೇಟೆಂಟ್ ಮಾಡಿದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥಾ ಆಟಗಳನ್ನೆಲ್ಲಾ ಕೂಡಿಸಿ ‘ಶ್ರೀತತ್ತ್ವನಿಧಿ’ಯೊಳಗ ಕೌತುಕನಿಧಿ ಅಂತ ಒಂದು ಭಾಗನೇ ಬರೆಸ್ಯಾರ ಅಂತ ನಮ್ಮ ವಾಚನಾಲಯದ ಪುಸ್ತಕದಾಗ ಓದಿದ್ದೆ, ಅದನ್ನೂ ಹೇಳಿದೆ. ಮೊಬಾಯಿಲಿನಾಗ ರೊಕ್ಕ ಹಚ್ಚಿ ಆಡುವ ಆಟ 2025 ರಲ್ಲಿ ಕೇಂದ್ರ ಸರಕಾರ ಕಾಯ್ದೆ ಮಾಡಿ ಬಂದ್ ಮಾಡ್ಯದ ಅಂತ ಮೊಮ್ಮಗ ಹೇಳಿದ. ಅದರಾಗ ಎರಡು ಎಕರೆ ಕಳಕೊಂಡವ ನಮ್ಮ ಊರಾಗೂ ಒಬ್ಬ ಅದಾನ. ಕುಡಿಯದವ. ಇದೂ ಬರೀಬೇಕಾದ ಮಾತು.

ಹದಿನಾರನೇ ಕಾಯಿ ಇಲ್ಲಲ್ಲ. ಮೊಮ್ಮಗ ಕಿಸೆಯಿಂದ ಒಂದು ಬೀರಿನ ಬುಚ್ಚು ತೆಗೆದು ಹಸರು ಕಾಯಿಯ ಜಾಗಕ್ಕ ಇಟ್ಟ. ಆತನಿಗೆ ಕಾಕಾನ ಸುದ್ದಿ ಗೊತ್ತಿರಲಿಲ್ಲ. “ತೆಗಿ ಅದನ್ನ” ಅಂತ ನಾ ಒದರಿದ್ದು ನನಗೇ ಜಾಸ್ತಿ ಆತು. ಅಡಗಿಮನಿಯಿಂದ ನಮ್ಮ ಮನಿಯಾಕಿ ಬಂದು ಒಂದು ಹುಣಸಿ ಬೀಜ ಇಟ್ಟಳು. ಇಟ್ಟಾಕಿ ಹೋಗಲಿಲ್ಲ, ಅಲ್ಲೇ ನಿಂತಳು. ನಗರದ ಹುಡುಗಿ ಸರಿದು ಜಾಗ ಮಾಡಿ “ಆಜಿ, ಬಸಾ” ಅಂದಳು. 45 ವರ್ಷ ಈ ಮನಿಯೊಳಗ ಇದ್ದಾಕಿ ಆವತ್ತು ಮೊದಲ ಸಲ ಆ ದಾಳ ಹಿಡಿದಳು. ಚಕ್ಕಾ ಆಡಿದ ಕೈ, ಎರಡು ನಡಿಯೊಳಗ ಆಟ ತಿಳಕೊಂಡಳು. ಆವತ್ತು ಯಾರೂ ಬಾಟಲಿ ತೆಗೀಲಿಲ್ಲ. ನಾ ಹೇಳಿದ್ದಿಲ್ಲ.

ಮಗ ಬಾಗಿಲಾಗ ನಿಂತು ನೋಡಿದ, ಕೂಡಲಿಲ್ಲ. ಆದರ ನಾನು ಒಂಟಿ ಕಾಯಿ ಮುಂದೆ ನಡೆಸಿದಾಗ ಆತನ ಬಾಯಿಂದ “ಅದಲ್ಲ ಅಪ್ಪಾ, ಹಿಂದಿಂದು” ಅಂತ ಬಂತು. ಕಲಿಯಾಕ ಒಲ್ಲೆ ಅಂದವನಿಗೆ ಅಷ್ಟು ಯಾವಾಗ ತಿಳೀತೋ. ಕಟ್ಟಿ ಕೆಳಗ ನಿಂತು ನೋಡಿದಾಗ ಇರಬೇಕು.

ಹಾಸಿನ ಒಂದು ಪಟ್ಟಿ ಇಲಿ ಕಡದಾವ, ಏಳು ಮನಿ ಹೋಗ್ಯಾವ. ಸೊಸಿ ಒಂದು ಹಳೇ ಖಣ ಹುಡುಕಿ ಇಟ್ಟಾಳ. ಶ್ರಾವಣಕ್ಕ ಹುಡುಗರು ಮತ್ತ ಬರತೀವಿ ಅಂದಾರ. ಬೀರಿನ ಮಾತು ಇನ್ನೂ ಬಗೀಹರಿದಿಲ್ಲ. ಮಗ, ಮೊಮ್ಮಗ ಫೋನಿನಾಗ ಹವಾ-ಪಾಣಿ ಅಷ್ಟೇ ಮಾತಾಡತಾರ.